ಮುಖ ನನ್ನ ಕಡೆಗಿರಲಿ

ಮಂಗಳವಾರ, ಫೆಬ್ರವರಿ ೪. ಬೆಳಿಗ್ಗೆ ೬-೧೦

ನಿನ್ನೆಯ ಬರಹದಲ್ಲಿ ಒಂದು ತಪ್ಪಿದೆ. ಮೊದಲು ಅದನ್ನು ತಿದ್ದಬೇಕು. "ಗಾಳಿಯ ಹೊಡೆತಕ್ಕೆ ಸಿಕ್ಕಿ ಡ್ರೋನ್ ಪಕ್ಕದ ಮನೆಯ ಬಟ್ಟೆ ತಂತಿಗೆ ಬಡಿಯಿತು" ಎಂದು ಬರೆದಿದ್ದೇನೆ. ಗಾಳಿ ಇರಲಿಲ್ಲ. ತಂತಿಯ ಮೇಲಿದ್ದ ಕರವಸ್ತ್ರ ಕೂಡ ಅಲುಗುತ್ತಿರಲಿಲ್ಲ. ಎಡಕ್ಕೆ ಹೋಗಬೇಕಾದ ಯಂತ್ರವನ್ನು ಬಲಕ್ಕೆ ಕಳಿಸಿದವನು ನಾನು. ಅದು ಹೇಳಿದ್ದನ್ನು ಹೇಳಿದಂತೆ ಮಾಡಿತು. ನನ್ನ ಎಷ್ಟೋ ವಿದ್ಯಾರ್ಥಿಗಳು ಅಷ್ಟನ್ನೂ ಮಾಡಿದವರಲ್ಲ.

ಪಕ್ಕದ ಮನೆಯ ಟೈಲರ್ ನಗುತ್ತಲೇ ತಂದುಕೊಟ್ಟರು. "ಮೇಷ್ಟ್ರೇ, ನಿಮ್ಮ ಹಕ್ಕಿ ನನ್ನ ದಿಂಬಿನ ಕವರ್ ಹಾಕ್ಕೊಂಡು ಹೊರಟಿತ್ತು. ಅಳತೆ ಸರಿ ಇಲ್ಲ, ಬೇರೆ ಹೊಲಿದು ಕೊಡ್ತೀನಿ."

ರೆಕ್ಕೆಯೊಂದು ಸೀಳಿದೆ. ಅಂಟಿಸಿ ಹಾರಿಸಬಾರದು, ಬದಲಿಸಲೇಬೇಕು—ಮಗಳ ಕಟ್ಟಪ್ಪಣೆ. ಯಂತ್ರ ಅವಳದೇ. ಮದುವೆಗಳ ಫೋಟೋ ತೆಗೆಯುವವಳು. ಹೊಸದನ್ನು ಕೊಂಡು ಹಳೆಯದನ್ನು ನನಗೆ ದಾಟಿಸಿದ್ದಾಳೆ.

ಈ ವಯಸ್ಸಿನಲ್ಲಿ ಇದೇಕೆ? ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇವಳು, ನನ್ನ ಹೆಂಡತಿ, ಅರುವತ್ತು ದಾಟಿದ ಮೇಲೆ ಈಜು ಕಲಿತವಳು. ಡಿಸೆಂಬರಿನಲ್ಲಿ ಕೆರೆಯನ್ನು ಅಡ್ಡ ಈಜಲು ಹೊರಟಳು. ಪಕ್ಕದಲ್ಲಿ ದೋಣಿ, ದೋಣಿಯಲ್ಲಿ ಕೋಚ್. ನಾನು ದಡದಲ್ಲಿ. ನಡುಗೆರೆ ತಲುಪುವ ಹೊತ್ತಿಗೆ ಹಳದಿ ಟೋಪಿ ಕಣ್ಣಿಗೆ ಬೀಳದಾಯಿತು. ಕೋಚ್‌ಗೆ ಫೋನ್ ಮಾಡಿ ಕೂಗಾಡಿದೆ. ಅವರು ಗಾಬರಿಯಾಗಿ ಇವಳನ್ನು ದೋಣಿಗೆ ಎಳೆದುಕೊಂಡರು. ಇವಳಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಆಡಿದ ಮಾತು: "ನಾನು ಇನ್ನೊಂದ್ಸಲ ಹೋಗೋದೇ. ನಿಮ್ಗೆ ಕಾಣಿಸ್ಬೇಕು ತಾನೇ? ಕಾಣೋ ಹಾಗೆ ಏನಾದ್ರೂ ಮಾಡ್ಕೊಳ್ಳಿ. ಕೂಗಬೇಡಿ."

ಮಾಡಿಕೊಳ್ಳುತ್ತಿದ್ದೇನೆ. ಮಾರ್ಚ್ ಎರಡಕ್ಕೆ ದಿನ ಗೊತ್ತಾಗಿದೆ.

ಗುರುವಾರ, ಫೆಬ್ರವರಿ ೬. ಸಂಜೆ ೫-೩೦

ಶಾಲೆಯ ಹಿಂದಿನ ಬಯಲು. ಮಗಳ ಪಾಠ: ಹೊಸಬರು ಯಾವಾಗಲೂ ಡ್ರೋನಿನ ಬಾಲವನ್ನು ತಮ್ಮ ಕಡೆಗೇ ಇಟ್ಟುಕೊಳ್ಳಬೇಕು. ಆಗ ಅದರ ಎಡವೇ ನಮ್ಮ ಎಡ, ಅದರ ಬಲವೇ ನಮ್ಮ ಬಲ. ನಮ್ಮ ಕಡೆ ಮುಖ ಮಾಡಿದರೆ ಎಲ್ಲವೂ ಅದಲುಬದಲು. ಎಲ್ಲರೂ ಎಡವುವುದು ಅಲ್ಲೇ.

ಬಾಲ ನನ್ನ ಕಡೆಗೇ ಇತ್ತು. ಆದರೂ ಎಡವಿದೆ. ಎರಡು ಸಲ ಬೇಲಿ, ಒಂದು ಸಲ ನೀರಿನ ಟ್ಯಾಂಕಿನ ಕಂಬ ಕೂದಲೆಳೆಯಲ್ಲಿ ತಪ್ಪಿತು.

"ಅಪ್ಪಾ, ಎಲ್ರೂ ತಪ್ಪು ಮಾಡೋ ಕಡೆ ನೀವು ಮಾಡ್ತಿಲ್ಲ. ಯಾರೂ ಮಾಡದೇ ಇರೋ ಕಡೆ ಮಾಡ್ತಿದ್ದೀರಿ!"

ಇವಳು ಈಜು ಮುಗಿಸಿ ಒದ್ದೆ ಕೂದಲಲ್ಲೇ ಬಂದು ಬೇಲಿಗೆ ಆತು ನಿಂತಿದ್ದಳು. ನೋಡಿದಳು. ನಕ್ಕಳು. "ಇವರು ಹಾರಿಸ್ತಿಲ್ಲ ಕಣೇ, ಡ್ರಿಲ್ ಮಾಡಿಸ್ತಿದ್ದಾರೆ."

ನಿಜ. ಭಾಷಾಪಾಠದ ಜೊತೆಗೆ ಬೆಳಗಿನ ಕವಾಯತೂ ನನ್ನ ಪಾಲಿಗೇ ಇತ್ತು. ಮಕ್ಕಳ ಎದುರು ನಿಂತು "ಬಲಗೈ ಮೇಲೆ" ಎನ್ನುವಾಗ ನಾನು ಎತ್ತುತ್ತಿದ್ದದ್ದು ಎಡಗೈ. ಎದುರಿಗಿದ್ದವರಿಗೆ ಕನ್ನಡಿಯಂತೆ ಕಾಣಬೇಕಲ್ಲ. ಆಯುಷ್ಯವೆಲ್ಲ ಹಾಗೆಯೇ. ಎದುರಿಗೆ ಏನು ನಿಂತರೂ ಅದು ನನ್ನ ಕಡೆ ಮುಖ ಮಾಡಿ ನಿಂತಿದೆ ಎಂದೇ ಕೈ ನಂಬಿಬಿಟ್ಟಿದೆ. ಬೆನ್ನು ತೋರಿಸುವ ವಿದ್ಯಾರ್ಥಿಯನ್ನು ಅದು ಕಂಡಿಲ್ಲ.

ಭಾನುವಾರ, ಫೆಬ್ರವರಿ ೯. ಬೆಳಿಗ್ಗೆ ೮-೦೦

ಪ್ರಯೋಗ. ಯಂತ್ರವನ್ನು ನನ್ನ ಕಡೆ ಮುಖ ಮಾಡಿಸಿ ನೆಲದಲ್ಲಿಟ್ಟೆ. ಹಾಗೆಯೇ ಏರಿಸಿದೆ. ಹಿಂದಕ್ಕೆ, ಎಡಕ್ಕೆ, ಬಲಕ್ಕೆ... ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಮಗಳು ಬಾಯಿ ಬಿಟ್ಟುಕೊಂಡು ನಿಂತಳು.

"ಇದು ಯಾವ ಪುಸ್ತಕದಲ್ಲೂ ಇಲ್ಲಪ್ಪಾ."

"ಇಲ್ಲದಿದ್ದರೆ ಬರೆಯೋಣ" ಎಂದೆ.

ಒಂದೇ ಅಪಾಯ: ಹಿಂದೆ ಸರಿಯುವ ಯಂತ್ರಕ್ಕೆ ಹಿಂದೇನಿದೆ ಎಂಬುದು ಕಾಣದು. ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಅವರು ಕ್ಯಾಮೆರಾದ ಪರದೆ ನೋಡಬಾರದು, ಆಕಾಶವನ್ನೇ ನೋಡುತ್ತಿರಬೇಕು. ಆ ಕೆಲಸ ಮಗಳದು.

ಶನಿವಾರ, ಫೆಬ್ರವರಿ ೨೨. ಮಧ್ಯಾಹ್ನ ೩-೧೫

ಇಷ್ಟು ದಿನ ಬರೆಯಲಿಲ್ಲ. ಹಾರಿಸುತ್ತಿದ್ದೆ.

ಕಲಿತದ್ದರಲ್ಲಿ ಕೆಲವು, ಮರೆಯುವ ಮೊದಲು. ಏರಿಸುವ ಮುಂಚೆ ಯಂತ್ರ ತಾನು ನಿಂತ ಜಾಗವನ್ನು ಗುರುತಿಟ್ಟುಕೊಳ್ಳುವ ತನಕ ಕಾಯಬೇಕು. ಅವಸರ ಮಾಡಿದರೆ ದಿಕ್ಕು ತಪ್ಪಿದಾಗ ಎಲ್ಲಿಗೋ ಹಿಂತಿರುಗೀತು. ಹಿಂತಿರುಗುವ ಎತ್ತರ ಸುತ್ತಲಿನ ಎಲ್ಲ ಮರಗಳಿಗಿಂತ ಮೇಲಿರಬೇಕು. ನೆಲದ ಮೇಲಿನ ಗಾಳಿಯನ್ನು ನೋಡಿ ಮೇಲಿನ ಗಾಳಿಯನ್ನು ಊಹಿಸಬಾರದು. ನೀರಿನ ಮೇಲೆ ಕೆಳಗಿಳಿಯಬಾರದು. ಅಲೆ ಕಂಡರೆ ಯಂತ್ರದ ಹೊಟ್ಟೆಯಲ್ಲಿರುವ ಕಣ್ಣಿಗೆ ನೆಲ ಯಾವುದು, ನೀರು ಯಾವುದು ತಿಳಿಯುವುದಿಲ್ಲ. ಜನರ ನೆತ್ತಿಯ ಮೇಲೆ ಹಾರಿಸುವುದು ಅವಿವೇಕ. ಜನರ ಕಿಟಕಿಯ ಮುಂದೆ ಹಾರಿಸುವುದು ಅಸಭ್ಯ.

ಎಲ್ಲಕ್ಕಿಂತ ಮುಖ್ಯವಾದುದು: ಬ್ಯಾಟರಿ ಶೇಕಡಾ ಮೂವತ್ತಕ್ಕೆ ಇಳಿದೊಡನೆ ವಾಪಸ್. ಎಷ್ಟೇ ಸೊಗಸಾದ ದೃಶ್ಯವಿರಲಿ. ಬರುವಾಗ ಗಾಳಿ ಎದುರಾದರೆ ಆ ಮೂವತ್ತೂ ಸಾಲದು.

ಊಟಕ್ಕೆ ಕೂತಾಗಲೂ ಇದನ್ನೇ ಹೇಳುತ್ತೇನಂತೆ. ಇವಳು ಪಲ್ಯ ಬಡಿಸುತ್ತ ಕೇಳಿದಳು: "ಮೂವತ್ತಕ್ಕೆ ಬಂತೇನ್ರೀ ನಿಮ್ಮ ಹೊಟ್ಟೆ? ಏಳ್ತೀರಾ?"

ಶನಿವಾರ, ಮಾರ್ಚ್ ೧. ಸಂಜೆ ೬-೫೦

ಕೆರೆಯ ಕಚೇರಿಯಿಂದ ಡ್ರೋನಿಗೆ ಅನುಮತಿ ದೊರೆತಿದೆ. ಬ್ಯಾಟರಿ ಭರ್ತಿ. ಫೋನ್ ಭರ್ತಿ. ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ನೋಡಿದ್ದಾಯಿತು, ಬಿರುಕಿಲ್ಲ.

ಇವಳು ಹಳದಿ ಟೋಪಿಯನ್ನು ಬಾಗಿಲ ಹಿಡಿಗೆ ನೇತುಹಾಕಿ ಹೇಳಿದಳು: "ನೋಡಿ, ನಾಳೆ ದೋಣಿ ಹತ್ತಿಸಿದ್ರೆ ನಾನು ಮತ್ತೆ ಆ ಕೆರೆಗೆ ಇಳಿಯಲ್ಲ. ಯಾರ ಹತ್ರಾನೂ ಜಗಳ ಆಡಲ್ಲ. ಸುಮ್ನೆ ಬಿಟ್ಬಿಡ್ತೀನಿ."

ಜಗಳವಾಡುತ್ತೇನೆ ಎಂದಿದ್ದರೆ ಹೆದರುತ್ತಿರಲಿಲ್ಲ.

ಭಾನುವಾರ, ಮಾರ್ಚ್ ೨

ಮನೆಗೆ ಬಂದು ಕೂತಿದ್ದೇನೆ. ಕ್ರಮವಾಗಿ ಬರೆಯಬೇಕು.

ಬೆಳಗಿನ ನೀರು ಗಾಜಿನಂತಿತ್ತು. ಇವಳು ಇಳಿದಳು. ಕಪ್ಪೆಯಂತೆ ಕೈಕಾಲು ಬಿಡಿಸಿ, ಪ್ರತಿ ಸಲ ತಲೆಯೆತ್ತಿ, ನಿಧಾನವಾಗಿ. ದೋಣಿ ಪಕ್ಕದಲ್ಲಿ. ಟೋಪಿ ಗುಂಡುಸೂಜಿಯ ತಲೆಯಷ್ಟಾಗುವ ತನಕ ತಡೆದೆ. ಆಮೇಲೆ ಏರಿಸಿದೆ, ಮುಖ ನನ್ನ ಕಡೆಗೇ ಇಟ್ಟು. ಹಿಂದಕ್ಕೆ, ಹಿಂದಕ್ಕೆ... ಇವಳ ಬಲಬದಿಯಿಂದ ದೂರದಲ್ಲೇ ದಾಟಿ, ಮುಂದೆ ಹೋಗಿ ನಿಂತಿತು.

ಪರದೆಯಲ್ಲಿ ಇವಳ ಮುಖ.

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ದಡದಿಂದ ಎಂದೂ ಕಂಡದ್ದು ಬೆನ್ನು, ಟೋಪಿ, ಆಮೇಲೆ ಚುಕ್ಕೆ. ಬಾಲ ನನ್ನ ಕಡೆಗಿಟ್ಟು ಹಾರಿಸುವವನಿಗೂ ಅಷ್ಟೇ ಕಾಣುತ್ತಿತ್ತು. ಇಲ್ಲಿ ಮುಖ. ನೀರಿನಿಂದೇಳುತ್ತದೆ, ಉಸಿರೆಳೆಯುತ್ತದೆ, ಮುಳುಗುತ್ತದೆ, ಮತ್ತೆ ಏಳುತ್ತದೆ. ಮನೆಯಲ್ಲಿ ಎಂದೂ ಕಾಣದಷ್ಟು ನಿರಾಳವಾದ ಮುಖ. ಅದರ ಹಿಂದೆ, ದೂರದ ದಡದ ಮೇಲೆ ಎರಡು ಚುಕ್ಕೆ—ನಾನು ಮತ್ತು ಮಗಳು. ಯಂತ್ರವನ್ನು ಇವಳ ಜೊತೆ ಸಮಕ್ಕೆ ಹಿಂದೆ ಸರಿಸುತ್ತ ಹೋದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ನಡುಗೆರೆ. ಕೈಯಲ್ಲಿನ ಕಂಟ್ರೋಲರ್ ಕೂಗತೊಡಗಿತು. ಮೂವತ್ತು.

ಅದೇ ಕ್ಷಣಕ್ಕೆ ಇವಳ ತುಟಿ ಅಲುಗಿತು. ಮತ್ತೆ ಅಲುಗಿತು. ಉಸಿರು ಸಾಲದೆ? ಕೈ ನೀರಿನಿಂದ ಮೇಲೆದ್ದು ದಡದ ಕಡೆ ತೋರಿಸಿತು.

"ಕೋಚ್‌ಗೆ ಫೋನ್ ಮಾಡು" ಎಂದೆ.

"ಅಪ್ಪಾ... ಮತ್ತೆನಾ?"

"ಮಾಡು ಅಂದೆ."

ಅವಳು ಫೋನ್ ತೆಗೆದಳು. ಒತ್ತಲಿಲ್ಲ. ಆಕಾಶದಿಂದ ಕಣ್ಣು ಕೀಳದೆ ಹೇಳಿದಳು: "ನಿಮ್ಗೆ ಕಾಣಿಸ್ತಿದೆಯಲ್ಲ. ನೋಡಿ ಹೇಳಿ. ಮಾಡ್ಲಾ?"

ಇಪ್ಪತ್ತೆಂಟು. ನೋಡಿದೆ. ಹೆದರಿದ ಮುಖ, ದಣಿದ ಮುಖ, ಸಿಟ್ಟಾದ ಮುಖ—ತರಗತಿಯಲ್ಲಿ ಎದುರಿಗೆ ಸಾಲಾಗಿ ಕೂತಿದ್ದದ್ದು ಇವೇ. ಗುರುತು ಹಿಡಿಯಲು ಬಾರದವನಲ್ಲ ನಾನು. ಹೆದರಿದವರ ಹುಬ್ಬು ಮೇಲೇರುತ್ತದೆ. ಇವಳದು ಗಂಟಿಕ್ಕಿತ್ತು. ಸಾರಿಗೆ ಉಪ್ಪು ಸಾಲದು ಎಂದಾಗ ನನಗೆ ಸಿಗುವ ಹುಬ್ಬು ಅದು.

"ಬೇಡ" ಎಂದೆ.

ಯಂತ್ರವನ್ನು ದಡಕ್ಕೆ ಕರೆದುಕೊಂಡೆ. ಪರದೆಯಿಂದ ಇವಳ ಮುಖ ಸರಿದುಹೋಯಿತು. ನಿಜವಾಗಿ ಕಷ್ಟವಾದದ್ದು ಅದು. ಗಾಳಿ ಎದುರಾಗಿತ್ತು, ದಡ ಮುಟ್ಟಿದಾಗ ಹನ್ನೊಂದು ಉಳಿದಿತ್ತು. ಇನ್ನೊಂದು ಬ್ಯಾಟರಿ ಚೀಲದಲ್ಲಿತ್ತು. ಮಗಳು ಎತ್ತಿ ಕೊಟ್ಟಳು. ತೆಗೆದುಕೊಳ್ಳಲಿಲ್ಲ. ಕಲ್ಲಿನ ಮೇಲೆ ಕೂತೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ, ನೀರಷ್ಟೇ. ಕೂಗಲಿಲ್ಲ.

ಕೊನೆಗೆ ಕೋಚ್ ಅವರದೇ ಫೋನ್. "ಸಾರ್, ಮೇಡಂ ದಾಟಿದ್ರು. ನೀವು ಫೋನ್ ಮಾಡ್ತೀರಿ ಅಂತ ಕಾದೂ ಕಾದೂ ಸಾಕಾಯ್ತು."

ಮನೆಗೆ ಬಂದ ಮೇಲೆ ಇವಳನ್ನು ಕೇಳಿದೆ: ನಡುಗೆರೆಯಲ್ಲಿ ನೀನು ಏನು ಹೇಳುತ್ತಿದ್ದೆ?

"ಬೈತಿದ್ದೆ. ಅಷ್ಟು ಹೊತ್ತಿಂದ ಅಲ್ಲೇ ನೇತಾಡ್ತಿದ್ದೀರಲ್ಲ! ಮೂವತ್ತಾಗಿರತ್ತೆ, ಹೋಗ್ರೀ, ಕೆರೆಗೆ ಬೀಳಿಸ್ತೀರಿ ಅಂತ. ಕೈ ಮಾಡಿ ಬೇರೆ ತೋರಿಸ್ದೆ. ನಿಮ್ಮ ನಿಯಮ ನಾನು ನೆನಪಿಡ್ಬೇಕಾ?"

ನಾನು ಇವಳ ಉಸಿರನ್ನು ಲೆಕ್ಕ ಹಾಕುತ್ತಿದ್ದಾಗ ಇವಳು ನನ್ನ ಬ್ಯಾಟರಿಯನ್ನು ಲೆಕ್ಕ ಹಾಕುತ್ತಿದ್ದಳು. ನಡುಗೆರೆಯಲ್ಲಿ.

ಸಂಜೆಯಿಂದ ಟೈಲರ್ ಮನೆಯವರೆಲ್ಲ ನಮ್ಮ ನಡುಮನೆಯಲ್ಲಿ. ಮಗಳು ವಿಡಿಯೋವನ್ನು ಟಿವಿಗೆ ಹಾಕಿದ್ದಾಳೆ. ಬೈಯುವ ಭಾಗ ಬಂದಾಗಲೆಲ್ಲ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ತೋರಿಸುತ್ತಿದ್ದಾಳೆ. ಎಲ್ಲರಿಗಿಂತ ಜೋರಾಗಿ ನಗುತ್ತಿರುವವಳು ಇವಳೇ.

ಹೊಸಬರಿಗೆ ಇನ್ನೊಂದು ಸಲಹೆ ಸೇರಿಸಬೇಕೆಂದಿದ್ದೆ. ಬಾಲ ನಿಮ್ಮ ಕಡೆಗಿರಲಿ ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಕೈ ಪಳಗಿದ ಮೇಲೆ ಒಂದು ಸಲವಾದರೂ—

ಕರೆಯುತ್ತಿದ್ದಾಳೆ. "ರೀ, ಬನ್ನಿ ಇಲ್ಲಿ, ನೀವು ಕಾಣ್ತಿದ್ದೀರಿ! ಚುಕ್ಕೆ!"

ಇಲ್ಲಿಗೆ ನಿಲ್ಲಿಸಿದ್ದು: ಭಾನುವಾರ, ಮಾರ್ಚ್ ೨. ಸಂಜೆ ೭-೦೫