ಹೊಸಬರ ಕುರ್ಚಿ

ಭಾನುವಾರ, ಬೆಳಗ್ಗೆ

ಪ್ರೀತಿಯ ಅಮ್ಮನಿಗೆ,

ಮೊದಲು ನಿನ್ನ ಗಂಟಲು ಹೇಗಿದೆ ತಿಳಿಸು. ಉಳಿದ ಕ್ಷೇಮಸಮಾಚಾರ ಆಮೇಲೆ.

ಇವತ್ತು ಬೆಳಗ್ಗೆ ಪಾತ್ರೆ ತೊಳೆಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ನೀಲಿ ಅಂಚಿನ ಎರಡು ಚಹಾ ಕಪ್ ಕೊಂಡಿದ್ದೆ, ನೆನಪಿದೆಯಾ? ಒಂದರ ಒಳಗೆ ಚಹಾದ ಕಂದು ಉಂಗುರ ಕೂತುಬಿಟ್ಟಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇನ್ನೊಂದರ ತಳದಲ್ಲಿ ಅಂಗಡಿಯವನು ಅಂಟಿಸಿದ ಬೆಲೆಚೀಟಿ ಹಾಗೇ ಇದೆ. ಉಗುರಿನಿಂದ ಕೀಳಲು ಹೋದೆ. ಯಾಕೋ ಬೇಡವೆನಿಸಿ ಬೋರಲು ಹಾಕಿ ಇಟ್ಟೆ.

ನೀನು ಕೇಳುತ್ತೀಯ, ಇದಕ್ಕೆಲ್ಲ ಕಾಗದ ಯಾಕೆ, ಫೋನು ಇಲ್ಲವಾ ಅಂತ. ಫೋನಿನಲ್ಲಿ ನೀನು ಹಲೋ ಅನ್ನುವಷ್ಟರಲ್ಲಿ ನನ್ನ ಅರ್ಧ ಮಾತು ಒಳಗೇ ಉಳಿದುಬಿಡುತ್ತದೆ ಅಮ್ಮಾ. ಬಸ್ಸು ಹೊರಡುತ್ತದೆ ಅಂತ ನೀನು ಮೈಕಿನಲ್ಲಿ ಕೂಗಿದರೆ ಇಡೀ ಬಸ್ ನಿಲ್ದಾಣ ಗಂಟುಮೂಟೆ ಎತ್ತಿಕೊಳ್ಳುತ್ತದೆ. ನಾನೆಲ್ಲಿ? ಮೈಕು ಹಿಡಿದವಳ ಹೊಟ್ಟೆಯಲ್ಲಿ ಇಂಥ ಮೆಲುದನಿಯವಳು ಹೇಗೆ ಹುಟ್ಟಿದಳೋ ಅಂತ ನಿನ್ನ ಕಂಡಕ್ಟರ್ ಅಣ್ಣಂದಿರು ಈಗಲೂ ನಗುತ್ತಾರೇನೋ.

ನಿನ್ನ ನಿಲ್ದಾಣದಲ್ಲಿ ಟಿಕೆಟ್ ಕಾಯ್ದಿರಿಸುವ ಕೌಂಟರಿನ ಕೆಲಸದ ವಿಷಯ ಮೂರು ಸಲ ಹೇಳಿದ್ದೀಯ. ವ್ಯವಸ್ಥಾಪಕರ ಹತ್ತಿರ ಮಾತಾಡಿಟ್ಟಿದ್ದೀಯ, ಗಾಜಿನ ಆಚೆಯಿಂದ ಜನ ಊರಿನ ಹೆಸರು ಹೇಳುತ್ತಾರೆ, ಗುಂಡಿ ಒತ್ತಿದರೆ ಮುಗಿಯಿತು, ಬಾಯಿ ತೆರೆಯುವ ಕೆಲಸವೇ ಇಲ್ಲ ಅಂದೆ. ಶಾಲೆಯಲ್ಲಿ ನನ್ನ ತಾತ್ಕಾಲಿಕ ನೇಮಕ ಈ ಪರೀಕ್ಷೆ ಮುಗಿದರೆ ಮುಗಿಯುತ್ತದೆ. ಇನ್ನೊಂದು ವರ್ಷ ಇರುತ್ತೀಯಾ ಅಂತ ದೊಡ್ಡ ಮೇಡಂ ಕೇಳಿದ್ದಾರೆ. ಪೋಷಕರ ಸಭೆ ಮುಗಿದ ಮೇಲೆ ಉತ್ತರ ಕೊಡಬೇಕು. ದೊಡ್ಡ ಮೇಡಂ ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ. ಇರುವುದಿಲ್ಲ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟೂ ಆಗಿತ್ತು. ಪೆಟ್ಟಿಗೆಯಲ್ಲಿ ಪುಸ್ತಕ ಜೋಡಿಸಲು ಶುರು ಮಾಡಿದ್ದೆ.

ಯಾಕೆ ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ ಅಮ್ಮಾ. ಶಿಕ್ಷಕರ ಕೊಠಡಿಗೆ ನಾನು ಹೋದರೆ ಯಾರೂ ಮಾತು ನಿಲ್ಲಿಸುವುದಿಲ್ಲ, ನನ್ನ ಜೊತೆ ಶುರುವೂ ಮಾಡುವುದಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಭೂಪಟಗಳನ್ನು ಸುತ್ತಿಟ್ಟ ಕೋಣೆಗೆ ಹೋಗುತ್ತೇನೆ. ಅಲ್ಲಿ ಒಂದು ಕಿಟಕಿ, ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಒಂದು ಕ್ಷೌರದ ಅಂಗಡಿ. ತಲೆಗಳನ್ನು ನೋಡುತ್ತಾ ಊಟ ಮಾಡುತ್ತೇನೆ. ಯಾರ ಕೂದಲು ಎಷ್ಟು ದಿನಕ್ಕೆ ಬೆಳೆಯುತ್ತದೆ ಅಂತ ನನಗೆ ಗೊತ್ತಾಗಿಬಿಟ್ಟಿದೆ, ಅವರ ಹೆಸರು ಗೊತ್ತಿಲ್ಲ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಪೋಷಕರ ಸಭೆಗೆ ಒಂದು ವಾರ ಮುಂಚೆ, ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಹಾಕುತ್ತಾರೆ. ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹೊಸಬರು ಯಾರೋ ಅವರು ಅದರಲ್ಲಿ ಕೂರಬೇಕು. ಪೋಷಕರು, ಮಕ್ಕಳು ಒಬ್ಬೊಬ್ಬರೇ ಬಂದು ಶಾಲೆಯ ಬಗ್ಗೆ ಅನಿಸಿದ್ದನ್ನು ಹೇಳಿ ಹೋಗುತ್ತಾರೆ. ಹೊಸಬರಿಗೆ ಯಾರ ಪರಿಚಯವೂ ಇರುವುದಿಲ್ಲ, ಹಾಗಾಗಿ ಹೇಳುವವರಿಗೆ ಅಂಜಿಕೆ ಇರುವುದಿಲ್ಲ ಅನ್ನುವುದು ದೊಡ್ಡ ಮೇಡಂ ಲೆಕ್ಕಾಚಾರ. ಕೂತವರೇ ಮುಂದಿನ ಶನಿವಾರ ಸಭೆಯಲ್ಲಿ ಎಲ್ಲರ ಮುಂದೆ ಅದನ್ನು ಓದಬೇಕು. ಹೆಸರು ಹೇಳುವ ಹಾಗಿಲ್ಲ, ಒಂದು ಮಾತು ಬಿಡುವ ಹಾಗಿಲ್ಲ. ನನ್ನನ್ನು ಕರೆದು, ನೋಡಮ್ಮಾ, ಅವರ ಬಾಯಲ್ಲಿ ಬಂದದ್ದನ್ನೇ ಬರ್ಕೋ, ಸಾಹಿತ್ಯ ಓದಿದ್ದೀಯ ಅಂತ ಅದಕ್ಕೆ ಪೌಡರ್ ಹಚ್ಚಬೇಡ ಅಂದರು.

ಎರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದವರು ಗುಮಾಸ್ತರು. ಆದ್ದರಿಂದ ಬಂದ ಪೋಷಕರೆಲ್ಲ ನನ್ನನ್ನೂ ಆಫೀಸಿನವಳು ಅಂದುಕೊಂಡರು. ಮೊದಲು ಬಂದವರಿಗೆ ಅಲ್ಲ, ನಾನು ಪಾಠ ಮಾಡುತ್ತೇನೆ ಅಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ನಾನು ಹೇಳಲು ಹೋಗಲಿಲ್ಲ.

ಟೈಲರಮ್ಮ ಒಬ್ಬರು ಬಂದರು, ಕುತ್ತಿಗೆಯಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ಶಾಲೆ ಚೆನ್ನಾಗಿದೆ, ಪಾಠ ಚೆನ್ನಾಗಿದೆ, ಅದೆಲ್ಲ ಆಮೇಲೆ ಬರೀರಿ, ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ, ನನ್ನ ಮಗಳು ಸಂಜೆವರೆಗೂ ನೀರು ಕುಡಿಯಲ್ಲ, ಅದನ್ನ ಮೊದಲು ಬರೀರಿ ಅಂದರು. ಬರೆದೆ. ಏಳನೇ ಪಿರಿಯಡ್ಡು ಆಟ ಅಂತ ಬೋರ್ಡಲ್ಲಿ ಇರುತ್ತೆ, ಗಣಿತದ ಮೇಡಂ ಬಂದು ಲೆಕ್ಕ ಕೊಡ್ತಾರೆ, ಹಾಗಿದ್ರೆ ಗಣಿತದ ಪಿರಿಯಡ್ಡಲ್ಲಿ ನಮ್ಮನ್ನ ಆಟಕ್ಕೆ ಬಿಡಬೇಕಲ್ವಾ, ಇದ್ಯಾವ ನ್ಯಾಯ ಅಂತ ಎಂಟನೇ ತರಗತಿಯ ಇಬ್ಬರು ಒಟ್ಟಿಗೆ ಬಂದು ಕೇಳಿದರು. ಒಬ್ಬೊಬ್ಬರೇ ಬರಬೇಕು ಅಂದಿದ್ದಕ್ಕೆ, ಇವನು ಮಾತಾಡ್ತಾನೆ, ನಾನು ಸಾಕ್ಷಿ ಅಂತ ಇನ್ನೊಬ್ಬ ಅಂದ.

ಆಮೇಲೆ ಬಂದವರು ಎದುರು ಅಂಗಡಿಯ ಕ್ಷೌರಿಕರು. ಕೂತವರೇ ಟೇಬಲ್ಲಿನ ಮೇಲೆ ಎರಡೂ ಕೈ ಊರಿ ಶುರು ಮಾಡಿದರು. ನನಗಿಂತ ಮೊದಲು ಕನ್ನಡ ಪಾಠ ಮಾಡುತ್ತಿದ್ದವರನ್ನು ಇಲ್ಲಿ ಗುಡುಗು ಮೇಷ್ಟ್ರು ಅನ್ನುತ್ತಾರೆ. ಗುಡುಗು ಮೇಷ್ಟ್ರು ಇದ್ದಾಗ ನಾನು ಅಂಗಡೀಲಿ ಕತ್ತರಿ ಆಡಿಸ್ತಾನೇ ನಾಲ್ಕು ಪದ್ಯ ಬಾಯಿಪಾಠ ಮಾಡಿದೆ ಕಣಮ್ಮಾ, ಈಗ ಯಾರೋ ಹೊಸ ಮೇಡಂ ಬಂದಿದ್ದಾರೆ, ಒಳಗೆ ಪಾಠ ನಡೀತಿದೆಯೋ ಶೋಕಸಭೆ ನಡೀತಿದೆಯೋ ಒಂದೂ ತಿಳಿಯಲ್ಲ ಅಂದರು. ಮೂರನೇ ಬೆಂಚಿನ ಆಚೆಗೆ ಏನೂ ಕೇಳಲ್ವಂತೆ, ಮಗ ಹೇಳ್ತಾನೆ. ಪಾಪ, ಒಳ್ಳೆಯವರೇ ಇರಬಹುದು, ಆದ್ರೆ ಪರೀಕ್ಷೆಯಲ್ಲಿ ಒಳ್ಳೆಯವರು ಬಂದಿದ್ರು ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಂತ ಕೇಳಿದರು.

ನನ್ನ ಕೈ ತಾನಾಗಿ ಬರೆಯುತ್ತಿತ್ತು ಅಮ್ಮಾ. ಕೊನೆಗೆ ಎಲ್ಲರನ್ನೂ ಕೇಳುವ ಹಾಗೆ, ಬೇರೆ ಏನಾದರೂ ಹೇಳುವುದಿದೆಯಾ ಅಂತ ಕೇಳಿದೆ. ಅವರು ಕಿವಿ ಮುಂದೆ ತಂದು, ಸ್ವಲ್ಪ ಜೋರಾಗಿ ಹೇಳಮ್ಮಾ, ಕೇಳಿಸ್ಲಿಲ್ಲ ಅಂದರು.

ನೀನು ಈಗ ನಗುತ್ತಿದ್ದೀಯ, ನನಗೆ ಗೊತ್ತು. ನಗು. ನನಗೂ ಆಮೇಲೆ ನಗು ಬಂತು. ಹೇಳಿಕೊಂಡು ನಗಲು ಜೊತೆಗೆ ಯಾರೂ ಇರಲಿಲ್ಲ, ಅಷ್ಟೇ.

ಊಟದ ಹೊತ್ತಿಗೆ ಇಸ್ತ್ರಿ ಅಂಗಡಿಯ ಒಬ್ಬ ಹೆಂಗಸು ಬಂದರು. ಮೊಣಕೈ ಹತ್ತಿರ ಹಳೆಯ ಸುಟ್ಟ ಕಲೆ. ಕೂರಿ ಅಂದರೂ ಕೂರಲಿಲ್ಲ. ನನ್ನದು ದೂರು ಅಲ್ಲ, ವಂದನೆ ಹೇಳೋಣ ಅಂತ ಬಂದೆ ಅಂದರು. ಮಗಳು ಒಂಬತ್ತನೇ ತರಗತಿ, ಕಿಟಕಿ ಪಕ್ಕದ ಕೊನೇ ಬೆಂಚು. ತುಂಬಾ ನಾಚಿಕೆ ಸ್ವಭಾವ, ಎಬ್ಬಿಸಿ ಪ್ರಶ್ನೆ ಕೇಳಿದ್ರೆ ನಡುಗ್ತಾಳೆ. ಸೇರಿಸಿದ ವರ್ಷವೇ ಬಂದು ಕೈಮುಗಿದು ಕೇಳಿಕೊಂಡಿದ್ದೆ, ಅವಳನ್ನ ಮಾತ್ರ ಎಬ್ಬಿಸಬೇಡಿ ಅಂತ. ಯಾರೂ ಎಬ್ಬಿಸಿಲ್ಲ, ಪುಣ್ಯಾತ್ಮರು, ಮುಂದೆಯೂ ಎಬ್ಬಿಸಬಾರದು ಅಂತ ಬರೀರಿ ಅಂದರು. ಹೇಳುವಾಗ ಅವರ ಮುಖದಲ್ಲಿ ಎಷ್ಟು ಪ್ರೀತಿ ಇತ್ತು ಅಂದರೆ, ನಾನು ಹಾಗೇ ಆಗಲಿ ಅಂತ ತಲೆಯಾಡಿಸಿಬಿಟ್ಟೆ.

ಆ ಹುಡುಗಿ ನನ್ನ ತರಗತಿಯವಳೇ. ಮೊದಲ ದಿನವೇ ದೊಡ್ಡ ಮೇಡಂ ನನಗೂ ಹೇಳಿದ್ದರು, ಆ ಮಗು ಸೂಕ್ಷ್ಮ, ಅವಳನ್ನು ಬಿಟ್ಟು ಮುಂದೆ ಹೋಗು ಅಂತ. ಹಾಗೇ ಮಾಡುತ್ತಿದ್ದೆ. ಪ್ರಶ್ನೆ ಬೆಂಚಿನಿಂದ ಬೆಂಚಿಗೆ ಹೋಗಿ ಕಿಟಕಿ ಹತ್ತಿರ ಬಂದಾಗ ಅವಳನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತಿತ್ತು. ನಾನು ಅದನ್ನು ದಯೆ ಅಂದುಕೊಂಡಿದ್ದೆ.

ಮಕ್ಕಳ ಸರದಿಯಲ್ಲಿ ಕೊನೆಗೆ ಬಂದವಳು ಅವಳೇ. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಕೂರು ಅಂದೆ. ನಮ್ಮಿಬ್ಬರ ನಡುವೆ ಮಾತು ಶುರುವಾಗುವುದು ಎಷ್ಟು ಕಷ್ಟ ಅಂತ ನೀನು ಊಹಿಸಬಲ್ಲೆ. ಪಕ್ಕದ ಪ್ರಯೋಗಾಲಯದ ನಲ್ಲಿ ತೊಟ್ಟಿಕ್ಕುತ್ತಿತ್ತು. ಆ ನಲ್ಲಿ ರಿಪೇರಿ ಮಾಡಿಸಬೇಕು, ಬರ್ಕೊಳ್ಳಿ ಅಂದಳು. ಬರೆದುಕೊಂಡೆ. ಇನ್ನೇನಾದರೂ ಅಂದೆ. ನಿಮ್ಮ ವಿಷಯ ನಿಮಗೇ ಹೇಳಬಹುದಾ ಮೇಡಂ ಅಂದಳು. ಹೇಳಬಹುದು ಅಂದೆ. ದನಿಯ ವಿಷಯ ಇರಬೇಕು ಅಂತ ಪೆನ್ನು ಹಿಡಿದು ಸಿದ್ಧಳಾದೆ.

ದನಿಯ ವಿಷಯ ಅಲ್ಲ ಅಮ್ಮಾ. ನನ್ನ ಸರದಿ ಬಂದಾಗ ಎಲ್ಲರೂ ನನ್ನ ದಾಟಿ ಹೋಗ್ತಾರೆ, ನೀವೂ ದಾಟ್ತೀರಿ ಅಂದಳು. ದಿನಾ ಉತ್ತರ ಓದ್ಕೊಂಡು ಬರ್ತೀನಿ. ಪ್ರಶ್ನೆ ಸಾಲಲ್ಲಿ ಹತ್ತಿರ ಹತ್ತಿರ ಬರುತ್ತೆ, ಎದೆ ಡವಡವ ಅನ್ನುತ್ತೆ, ಆಮೇಲೆ ನನ್ನ ಹಿಂದಿನ ಗೋಡೆ ನೋಡಿ ಮುಂದೆ ಹೋಗ್ತೀರಿ. ಮೊದಲು ಹಾಯೆನಿಸ್ತಿತ್ತು. ಈಗ ನಾನು ಬಂದಿದ್ದೀನೋ ಇಲ್ಲವೋ ಅಂತ ನನಗೇ ಅನುಮಾನ ಬರುತ್ತೆ. ನಡುಗಿದ್ರೆ ನಡುಗ್ತೀನಿ, ಅದಕ್ಕೇನೀಗ?

ಕೊನೆಯ ಮಾತನ್ನು ನಿನ್ನಷ್ಟೇ ಜೋರಾಗಿ ಹೇಳಿದಳು.

ಇದನ್ನು ಸಭೆಯಲ್ಲಿ ಓದುತ್ತೇನೆ, ನಿನ್ನ ಅಮ್ಮ ಅಲ್ಲಿರಬಹುದು ಅಂದೆ. ಹೆಸರು ಇರಲ್ವಲ್ಲ ಅಂದಳು. ಎದ್ದು ಬಾಗಿಲವರೆಗೆ ಹೋಗಿ, ಹೆಸರಿದ್ರೂ ಪರವಾಗಿಲ್ಲ ಅಂತ ಸೇರಿಸಿ ಓಡಿದಳು.

ಸಂಜೆ ಬರೆದದ್ದನ್ನೆಲ್ಲ ದೊಡ್ಡ ಮೇಡಂ ಮುಂದೆ ಓದಿ ಒಪ್ಪಿಸಬೇಕಿತ್ತು. ಗಣಿತದ ಮೇಡಂ ಕೂಡ ಇದ್ದರು. ಆಟದ ಪಿರಿಯಡ್ಡಿನ ದೂರು ಕೇಳಿ, ಆ ಸಾಕ್ಷಿ ಯಾರು ಅಂತ ನನಗೆ ಗೊತ್ತು, ಸೋಮವಾರ ಇದೆ ಅವನಿಗೆ ಅಂತ ನಕ್ಕರು. ಕ್ಷೌರಿಕರ ಮಾತಿಗೆ ಬಂದಾಗ ಇಬ್ಬರೂ ನಗಲಿಲ್ಲ. ದೊಡ್ಡ ಮೇಡಂ ಕನ್ನಡಕ ತೆಗೆದರು. ಇದೊಂದನ್ನ ಬಿಟ್ಟುಬಿಡು ತಾಯಿ ಅಂದರು. ಆ ತಾಯಿ ಮಗಳ ಮಾತೂ ಬೇಡ, ಒಂದರ ಎದುರು ಇನ್ನೊಂದು ಓದಿದ್ರೆ ಆ ಹೆಂಗಸು ಎದೆ ಒಡ್ಕೊಳ್ತಾರೆ. ಆ ಮಗುನೂ ಸೂಕ್ಷ್ಮ, ನೀನೂ ಸೂಕ್ಷ್ಮ. ಸಭೇಲಿ ಇವರೇ ಓದಲಿ, ನೀನು ನನ್ನ ಪಕ್ಕ ಸುಮ್ಮನೆ ಕೂತಿರು ಅಂತ ಗಣಿತದ ಮೇಡಂ ಕಡೆ ಕೈ ತೋರಿಸಿದರು. ಅವರೂ ಆಗಲಿ ಅಂದರು, ತುಂಬಾ ಒಳ್ಳೆಯ ಮನಸ್ಸಿನಿಂದ. ಇಷ್ಟು ವರ್ಷದಲ್ಲಿ ಯಾರಿಗಾಗಿಯೂ ಮುರಿಯದ ನಿಯಮವನ್ನು ನನಗಾಗಿ ಮುರಿಯಲು ಹೊರಟಿದ್ದರು. ಇಬ್ಬರೂ ಮಾತಾಡುತ್ತಿದ್ದದ್ದು ನನ್ನ ಬಗ್ಗೆ, ನೋಡುತ್ತಿದ್ದದ್ದು ನನ್ನ ಹಿಂದಿನ ಗೋಡೆಯನ್ನು.

ಸರಿ ಮೇಡಂ ಅಂದೆ. ಕೋಣೆಗೆ ಬಂದೆ. ಬರುವ ದಾರಿಯಲ್ಲಿ ಹಣ್ಣಿನವಳು ಬೇಕಾ ಅಂತ ಕೇಳಿದಾಗ ಬೇಡವೆಂದು ತಲೆಯಾಡಿಸಿದೆ. ಅದಾದ ಮೇಲೆ ಈ ಹೊತ್ತಿನವರೆಗೆ ಯಾರ ಜೊತೆಯೂ ಒಂದು ಶಬ್ದ ಆಡಿಲ್ಲ. ಇಂಥ ಭಾನುವಾರಗಳು ನನಗೆ ಹೊಸದಲ್ಲ. ನಿನಗೆ ಹೇಳಿರಲಿಲ್ಲ, ಅಷ್ಟೇ. ಗೋಡೆಯಾಚೆ ಮನೆಯವರ ರೇಡಿಯೋ, ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದು, ಅದು ನನ್ನ ಬಾಗಿಲು ದಾಟಿ ಮೇಲಿನ ಮನೆಗೆ ಹೋಗುವುದು. ಇನ್ನೊಂದು ವರ್ಷ ಇದ್ದರೂ ಇದು ಬದಲಾಗುತ್ತದೆ ಅಂತ ನಾನು ನಂಬಿಲ್ಲ.

ಆದರೂ ಅಮ್ಮಾ, ಕೌಂಟರಿನ ಕೆಲಸ ನನಗೆ ಬೇಡ. ವ್ಯವಸ್ಥಾಪಕರಿಗೆ ನೀನೇ ಹೇಳಿಬಿಡು. ಬಾಯಿ ತೆರೆಯದೆ ಆಗುವ ಕೆಲಸ ಅಂತ ಹುಡುಕಿದ್ದೀಯಲ್ಲ, ಆ ಕಾರಣಕ್ಕೇ ಬೇಡ. ನಾಳೆ ಬೆಳಗ್ಗೆ ದೊಡ್ಡ ಮೇಡಂ ಹತ್ತಿರ ಹೋಗಿ, ಸಭೆಯಲ್ಲಿ ಓದುವವಳು ನಾನೇ, ಒಂದು ಮಾತೂ ಬಿಡುವುದಿಲ್ಲ ಅನ್ನುತ್ತೇನೆ. ಕೇಳಿಸದಿದ್ದರೆ ಎರಡನೇ ಸಲ ಅನ್ನುತ್ತೇನೆ. ಕ್ಷೌರಿಕರು ಮುಂದಿನ ಸಾಲಿನಲ್ಲೇ ಕೂತಿರಲಿ. ಸಭೆಗೂ ಮುಂಚೆ, ನಾಳೆ ಮೂರನೇ ಪಿರಿಯಡ್ಡಿನಲ್ಲಿ, ಪ್ರಶ್ನೆ ಕಿಟಕಿಯ ಹತ್ತಿರ ಬಂದಾಗ ಅಲ್ಲಿ ನಿಲ್ಲುತ್ತದೆ. ಅವಳು ನಡುಗಲಿ. ಎಷ್ಟು ಹೊತ್ತಾದರೂ ಕಾಯುತ್ತೇನೆ.

ಬಿಸಿನೀರು ಕುಡಿ, ಮಧ್ಯಾಹ್ನ ಒಂದು ಗಂಟೆಯಾದರೂ ಮೈಕನ್ನು ಬೇರೆಯವರಿಗೆ ಕೊಟ್ಟು ಮಲಗು. ನನ್ನ ಬಗ್ಗೆ ಚಿಂತೆ ಮಾಡು, ಬೇಡ ಅನ್ನುವುದಿಲ್ಲ, ಸ್ವಲ್ಪ ಕಡಿಮೆ ಮಾಡು.

ನಿನ್ನ
ಬೆಕ್ಕಿನಮರಿ

ತಾ.ಕ.: ನಾನು ಹೈಸ್ಕೂಲು ಸೇರಿದ ವರ್ಷ ನೀನು ನಮ್ಮ ತರಗತಿಯ ಮೇಷ್ಟ್ರನ್ನು ಹೊರಗೆ ಕರೆದು, ಇವಳನ್ನ ಎಬ್ಬಿಸಿ ಏನೂ ಕೇಳಬೇಡಿ ಸಾರ್ ಅಂದಿದ್ದು ನನಗೆ ಗೊತ್ತು. ಬಾಗಿಲ ಹಿಂದೆ ನಿಂತಿದ್ದೆ. ಜೀವನದಲ್ಲಿ ಅದೊಂದೇ ಮಾತನ್ನು ನೀನು ಪಿಸುದನಿಯಲ್ಲಿ ಹೇಳಿದ್ದು. ಅವತ್ತು ಎಷ್ಟು ಹಾಯೆನಿಸಿತ್ತೆಂದರೆ ಮನೆಯವರೆಗೂ ನಿನ್ನ ಕೈ ಬಿಡಲಿಲ್ಲ, ಅದೂ ನಿಜ. ಆಮೇಲೆ ಹೈಸ್ಕೂಲು ಮುಗಿಯುವವರೆಗೂ ಹಾಜರಿ ಕರೆಯುವಾಗ ಬಿಟ್ಟರೆ ನನ್ನ ಹೆಸರನ್ನು ಅಲ್ಲಿ ಯಾರೂ ಕರೆಯಲಿಲ್ಲ. ಕೋಪ ಇಲ್ಲ ಅಮ್ಮಾ. ಶನಿವಾರ ಆ ಇಸ್ತ್ರಿಯವರ ಮಾತನ್ನು ಯಾರೂ ನಗದ ಹಾಗೆ ಓದಬೇಕು. ಅದನ್ನೇ ಮೊದಲು ಓದುತ್ತೇನೆ.