ಕಾಲು ನಿಂತರೂ ನಿಲ್ಲದ ಗ್ಯಾಲರಿ

ಗಾಜಿನ ಕೋಣೆಯಿಂದ ಆಟ ನೋಡುವ ವಿಶ್ವಸ್ತ ಮಂಡಳಿಯ ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮೈದಾನದ ಪೂರ್ವ ಗ್ಯಾಲರಿಯ ಮೇಲಂತಸ್ತು ಬೀಳಬಹುದೆಂದು ನನಗೆ ಹೆದರಿಕೆಯಾಗಿದೆ. ಬಿದ್ದೇ ಬೀಳುತ್ತದೆ ಎಂದು ನನಗೆ ಗೊತ್ತಿಲ್ಲ. ಬೀಳುವುದಿಲ್ಲ ಎಂದು ನಿಮಗೆ ಗೊತ್ತಿದೆಯೇ ಎಂಬುದೇ ನನ್ನ ಪ್ರಶ್ನೆ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಬರುವ ಶನಿವಾರ, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಆ ಹಬ್ಬದ ಆಟದ ದಿನ, ಅದರ ನಾಲ್ಕು ಬಾಗಿಲುಗಳನ್ನು ತೆರೆಯಬೇಡಿ. ಆ ಅಂತಸ್ತಿನ ನೇರ ಕೆಳಗೆ ಬ್ಯಾಂಡಿನ ಮಕ್ಕಳು ಕೂರುತ್ತಾರೆ. ಅವರಲ್ಲಿ ಒಬ್ಬಳು ನನ್ನ ಮಗಳು.

ಇದನ್ನು ಪತ್ರಿಕೆಯಲ್ಲಿ ಹಾಕಿಸಿದ್ದು ಒರಟುತನ ಎನಿಸಿದರೆ ಕ್ಷಮೆಯಿರಲಿ. ಮೆತ್ತಗೆ ಬರೆದ ಖಾಸಗಿ ಪತ್ರಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಇನ್ನೂ ಮೆತ್ತಗಿತ್ತು: “ಕೊಕ್ಕರೆ ಕುಟುಂಬದ ಸದಸ್ಯರಾಗಿರುವುದಕ್ಕೆ ಧನ್ಯವಾದಗಳು.” ಕೊಕ್ಕರೆ ಎಂಬುದು ನಮ್ಮ ತಂಡದ ಹೆಸರು, ಕುಟುಂಬ ಎಂಬುದು ನಿಮ್ಮ ಅಲಂಕಾರ. ಕುಟುಂಬದಲ್ಲಿ ಒಬ್ಬರು ಸೂರು ಅಲ್ಲಾಡುತ್ತಿದೆ ಎಂದರೆ ಹಿರಿಯರು ತಲೆಯೆತ್ತಿ ನೋಡುತ್ತಾರೆ. ಮುಂದಿನ ವರ್ಷದ ಟಿಕೆಟ್ಟಿನ ರಿಯಾಯಿತಿ ಕಳಿಸುವುದಿಲ್ಲ.

ನೆಬ್ರಾಸ್ಕಾದ ಈ ಮೂಲೆಯಲ್ಲಿ ಹುಟ್ಟಿದವರಿಗೆ ನಡೆಯಲು ಕಲಿಸುವ ಮೊದಲು ಗುಡುಗಲು ಕಲಿಸುತ್ತಾರೆ. ಚೆಂಡು ಎದುರಾಳಿಯ ಕೈಯಲ್ಲಿದ್ದು, ಅವರು ಅದನ್ನು ಹೊತ್ತು ಮುನ್ನುಗ್ಗುವ ಮೂರನೆಯ ಯತ್ನಕ್ಕೆ ಬಗ್ಗಿ ನಿಂತರೆಂದರೆ, ಪೂರ್ವದ ಮೇಲಂತಸ್ತು ಪೂರ್ತಿ ಎದ್ದು ಅಲ್ಯೂಮಿನಿಯಂ ಹಲಗೆಗಳ ಮೇಲೆ ಒಂದೇ ಲಯದಲ್ಲಿ ಕಾಲು ಕುಟ್ಟಬೇಕು. ಅದೇ ಗುಡುಗು. ಅವರ ನಾಯಕ ಕೂಗಿದ್ದು ಅವನ ಪಕ್ಕದವನಿಗೂ ಕೇಳಿಸಬಾರದು. ಆ ಲಯಕ್ಕೆ ಪದ ಕಟ್ಟುವ ಚಟ ನನ್ನದು. “ಕುಟ್ಟಿರಿ ಕಾಲು, ನಡುಗಲಿ ಸಾಲು, ಬಂದವರಿಗೆಲ್ಲ ಸೋಲೇ ಸೋಲು.” ಪ್ರಾಸ ಕೂಡಿತ್ತು; ನಡುಗುವ ಸಾಲು ಯಾರದೆಂದು ಯಾರೂ ನೋಡಿರಲಿಲ್ಲ.

ಗ್ಯಾಲರಿ ಅಲ್ಲಾಡುವುದೇ ನಮಗೊಂದು ಹೆಮ್ಮೆಯಾಗಿತ್ತು. ಬೇರೆ ಊರಿನ ನೆಂಟರನ್ನು ಕರೆತಂದು, ಕಟಕಟೆಯ ಮೇಲೆ ಅವರ ಕೈಯಿರಿಸಿ, ಹೇಗೆ ನಡುಗುತ್ತದೆ ನೋಡಿ ಎಂದು ಬೀಗುತ್ತಿದ್ದೆವು. ಕಬ್ಬಿಣದ ನಡುಕವನ್ನು ಕಬ್ಬಿಣದ ಪ್ರೀತಿ ಎಂದುಕೊಂಡೆವು. ಇಂಥ ತಪ್ಪು ಅಭಿಮಾನಿಗಳಿಂದ ಮಾತ್ರ ಸಾಧ್ಯ. ಆದರೆ ಆ ತಪ್ಪನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ಮಾರಿದವರು ನೀವು. ದೊಡ್ಡ ಪರದೆಯ ಮೇಲೆ ಕುಣಿಯುವ ಕಾರ್ಟೂನ್ ಪಾದವನ್ನು ತೋರಿಸಿ, ಪಕ್ಕದಲ್ಲಿ ಸದ್ದು ಅಳೆಯುವ ಮುಳ್ಳು ಏರಿಸಿ, ಸಾಲದು ಸಾಲದು ಎಂದು ನಮ್ಮನ್ನು ಹುರಿದುಂಬಿಸಿದವರೂ ನೀವೇ.

ಸೆಪ್ಟೆಂಬರಿನ ಕೊನೆಯ ಆಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಪಕ್ಕದ ಜಾಗ ಆರ್ಡಿತ್ ಕೋಲ್ಟರ್‌ಮನ್ ಅವರದು. ಮೂರನೇ ತರಗತಿಯಲ್ಲಿ ನನಗೆ ಮಗ್ಗಿ ಕಲಿಸಿದ ಮೇಡಂ. ನಿವೃತ್ತರಾದರೂ ನನ್ನನ್ನು ಇನ್ನೂ ಆ ತರಗತಿಯಿಂದ ಪಾಸು ಮಾಡಿಲ್ಲ. ಅವರ ಮಡಿಲಲ್ಲಿ ಚಿಲ್ಲಿ ಎಂಬ ಮಾಂಸದ ಸಾರಿನ ಬಟ್ಟಲು, ಅದ್ದಿಕೊಳ್ಳಲು ದಾಲ್ಚಿನ್ನಿ ರೋಲು. ಗುಡುಗಿದೆವು. ಎದುರಾಳಿಯ ಚೆಂಡು ನೆಲಕ್ಕೆ ಬಿತ್ತು. ಕೂಗಾಡಿ ಎಲ್ಲರೂ ಕೂತರು. ಮೇಡಂ ನನ್ನ ಮಣಿಕಟ್ಟು ಹಿಡಿದರು.

“ಕಾಲು ನಿಲ್ಸೋ.”

“ನಿಲ್ಸಿದೀನಿ, ಮಿಸ್.”

“ಸುಳ್ಳು ಹೇಳ್ಬೇಡ.”

“ಬೇಕಾದ್ರೆ ನೋಡಿ.” ಎರಡೂ ಬೂಟು ಮೇಲೆತ್ತಿ ತೋರಿಸಿದೆ.

ಅವರು ನನ್ನ ಬೂಟು ನೋಡಿದರು, ಮುಂದಿನ ಸಾಲಿನವರ ಕಾಲು ನೋಡಿದರು. “ಹಂಗಾದ್ರೆ ಇದು ಯಾರ ಕಾಲು?”

ಯಾರದೂ ಅಲ್ಲ. ನಾವೆಲ್ಲ ನಿಲ್ಲಿಸಿದ ಮೇಲೂ ಗ್ಯಾಲರಿ ನಿಂತಿರಲಿಲ್ಲ. ಬಟ್ಟಲಿನಲ್ಲಿ ಚಿಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ತೂಗುತ್ತಿತ್ತು. ಕುಟ್ಟುವಾಗ ಬರುವುದು ಮೇಲೆ ಕೆಳಗೆ ಅದುರುವ ನಡುಕ. ಅದು ನಮಗೆ ಹಳೆಯ ಪರಿಚಯ. ಇದು ಪಕ್ಕಕ್ಕೆ, ತೊಟ್ಟಿಲು ತೂಗಿದ ಹಾಗೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಹೆದರಿದವನ ಬಳಿ ಗಡಿಯಾರ ಇರುವುದಿಲ್ಲ. “ಏಳ್ಬೇಡ. ಓಡ್ಬೇಡ. ಮೆಲ್ಲಗೆ ಉಸಿರಾಡು,” ಎಂದರು ಮೇಡಂ, ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಶಾಲೆಯಲ್ಲಿ ಕವಾಯತು ಮಾಡಿಸುತ್ತಿದ್ದ ಅದೇ ದನಿಯಲ್ಲಿ. ಕೊನೆಗೆ ನಿಂತಿತು. ಮುಂದಿನ ಸಾಲಿನವನು ಹಿಂದಿರುಗಿ ನಕ್ಕ: “ಇವತ್ತಿನ ಗುಡುಗು ಭರ್ಜರಿ ಅಲ್ವಾ?” ನಾನೂ ನಕ್ಕೆ. ನನ್ನ ಹಲ್ಲು ಕಟಕಟಿಸುತ್ತಿದ್ದುದನ್ನು ಅವನು ನಗು ಎಂದುಕೊಂಡ.

ಆ ಸಂಜೆ ಮಗಳು ಲಿನ್ನೇಯಾ ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ನಿಂಬೆಕಾಯಿ ಗಾತ್ರದ ಒಂದು ಕಬ್ಬಿಣದ ನಟ್ ಇಟ್ಟಳು. ಬ್ಯಾಂಡಿನಲ್ಲಿ ಅವಳದು ಟ್ಯೂಬಾ, ಒಂದು ಕುರಿಮರಿ ಮಲಗುವಷ್ಟು ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ.

“ಏನೇ ಇದು?”

“ಗುಡುಗುವಾಗ ಮೇಲಿಂದ ಬಿತ್ತು ಅಪ್ಪ. ಸೀದಾ ಟ್ಯೂಬಾ ಬಾಯಿಗೇ. ಇಡೀ ಬ್ಯಾಂಡಲ್ಲಿ ಯಾರಿಗೂ ಇಷ್ಟು ದೊಡ್ಡದು ಸಿಕ್ಕಿಲ್ಲ, ಗೊತ್ತಾ?”

“ಅಂದ್ರೆ ಚಿಕ್ಕದು ಸಿಕ್ಕಿದ್ಯಾ?”

“ತುಕ್ಕಂತೂ ಪ್ರತಿ ಆಟದಲ್ಲೂ ಬೀಳತ್ತೆ. ಕೆಂಪು ಹಿಮ ಅಂತೀವಿ. ಟೋಪಿ ಮೇಲೆ ಯಾರಿಗೆ ಜಾಸ್ತಿ ಬೀಳತ್ತೋ ಅವ್ರಿಗೆ ಅವತ್ತು ಮಿಕ್ಕೋರು ಪಿಜ್ಜಾ ಕೊಡಿಸ್ಬೇಕು. ಅದೃಷ್ಟ ಅಂತ.”

ಮೇಲೆ ನಾವು ನಡುಕವನ್ನು ಪ್ರೀತಿ ಎಂದುಕೊಂಡಿದ್ದೆವು. ಕೆಳಗೆ ನಮ್ಮ ಮಕ್ಕಳು ತುಕ್ಕನ್ನು ಅದೃಷ್ಟ ಎಂದುಕೊಂಡಿದ್ದರು. ಆ ನಟ್ ಟ್ಯೂಬಾದ ಬದಲು ಟೋಪಿಯ ಮೇಲೆ ಬಿದ್ದಿದ್ದರೆ ಎಂಬ ಯೋಚನೆಯನ್ನು ನಾನು ಕರೆಯಲಿಲ್ಲ, ತಾನಾಗಿ ಬಂತು, ಇನ್ನೂ ಹೋಗಿಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು: ಈ ನಟ್ ನನ್ನ ಊಟದ ಮೇಜಿನ ಮೇಲಿದೆ ಎಂದರೆ, ಇದು ಬಿಗಿಹಿಡಿದಿದ್ದ ಬೋಲ್ಟು ಅಲ್ಲಿ ಯಾರ ನಂಬಿಕೆಯ ಮೇಲೆ ನಿಂತಿದೆ?

ನಟ್ ಹಿಡಿದು ನಿಮ್ಮ ಸಭೆಗೆ ಬಂದೆ. ಸಾರ್ವಜನಿಕರಿಗೆ ಮೂರು ನಿಮಿಷ, ಮುಗಿದರೆ ಕೆಂಪು ದೀಪ. ಅದನ್ನು ನಿಮ್ಮ ಮೇಜಿನ ಮೇಲಿಟ್ಟಾಗ ನಿಮ್ಮಲ್ಲೊಬ್ಬರು, ಅದು ನಮ್ಮ ಗ್ಯಾಲರಿಯದೇ ಎಂದು ಏನು ಖಾತ್ರಿ ಎಂದು ಕೇಳಿದರು. ನ್ಯಾಯವೇ. ಆಕಾಶದಿಂದಲೂ ಬಿದ್ದಿರಬಹುದು, ಕೊಕ್ಕರೆಗಳು ಕಚ್ಚಿಕೊಂಡು ಹಾರುತ್ತಿದ್ದವೇನೋ. ಕಟ್ಟಡಗಳ ಅಧಿಕಾರಿ ಎದ್ದು, “ಅಲ್ಲಾಡ್ಲಿ ಅಂತಲೇ ಕಟ್ಟಿರೋದು ಸಾರ್. ಅಲ್ಲಾಡದೆ ಇದ್ರೆ ಆವಾಗ ಭಯ ಪಡ್ಬೇಕು,” ಎಂದರು. ಸಭೆ ನಕ್ಕಿತು.

“ಪರೀಕ್ಷೆ ಮಾಡಿಸಿದೀರಾ?” ಎಂದೆ.

“ಮಾಡ್ಸಿದೀವಿ.”

“ಏನಂದ್ರು?”

ಕೆಂಪು ದೀಪ ಹತ್ತಿತು. ಮುಂದಿನ ವಿಷಯ ಗಾಜಿನ ಕೋಣೆಗಳ ನೆಲಹಾಸಿನ ಬಣ್ಣ. ಅದಕ್ಕೆ ದೀಪವಿರಲಿಲ್ಲ; ನಾನು ಕೋಟು ತೊಟ್ಟು ಹೊರಡುವಾಗಲೂ ನೀವು ನೀಲಿಯ ಎರಡು ಛಾಯೆಗಳ ನಡುವೆ ತೊಳಲಾಡುತ್ತಿದ್ದಿರಿ.

ನಿಮಗೆ ಉತ್ತರ ಹೇಳಲು ಬಾರದು ಎಂದೇನೂ ಅಲ್ಲ. ಹೋದ ವರ್ಷ ನೆರೆ ರಾಜ್ಯದ ತಂಡಕ್ಕೆ ಸೋತಾಗ ನಾವು ಅಭಿಮಾನಿಗಳು ತರಬೇತುದಾರರ ಮನೆಯಂಗಳದಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟೆವು. ಪುಟ್ಟ ವಿಮಾನ ಬಾಡಿಗೆಗೆ ಹಿಡಿದು ಅದರ ಬಾಲಕ್ಕೆ ನಿಮ್ಮನ್ನು ಬೈಯುವ ಬ್ಯಾನರ್ ಕಟ್ಟಿ ಊರ ಮೇಲೆ ಹಾರಿಸಿದೆವು. ಸೋಮವಾರದ ಹೊತ್ತಿಗೆ ತರಬೇತುದಾರರು ಕೆಲಸದಲ್ಲಿ ಇರಲಿಲ್ಲ. ನೀವು ಸಾಲಾಗಿ ನಿಂತು, ಕಣ್ಣು ತೇವ ಮಾಡಿಕೊಂಡು, “ಹೊಣೆ ನಮ್ಮದು” ಎಂದಿರಿ. ಆ ಬಡಪಾಯಿಯ ಕೈಯಲ್ಲಿ ಆಟ ಸೋತಿತ್ತು, ಯಾರೂ ಸತ್ತಿರಲಿಲ್ಲ. ಗೆದ್ದರೆ ಹಾರ, ಸೋತರೆ ಹೊರ, ನಟ್ಟು ಬಿದ್ದರೆ ಮಾತ್ರ ನಾಳೆ ವಿಚಾರ. ಅಂಕಪಟ್ಟಿಗೆ ಇರುವ ಹೊಣೆಗಾರಿಕೆ ಗ್ಯಾಲರಿಯ ಅಸ್ಥಿಪಂಜರಕ್ಕೆ ಇಲ್ಲವೇ? ಅಥವಾ ಎರಡನೆಯದಕ್ಕೂ ನಾವು ವಿಮಾನವನ್ನೇ ಹಿಡಿಯಬೇಕೇ?

ನಮ್ಮವರೂ ಸುಲಭಕ್ಕೆ ಒಪ್ಪಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕಳೆದ ಭಾನುವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪೂರ್ವ ಗ್ಯಾಲರಿಯ ಬಳಗ ಸೇರಿತ್ತು. ಮೊದಲು ಎದ್ದವನು ಲೈಲ್ ಬ್ರಂಕೌ, ನನ್ನ ಸಹಪಾಠಿ, ಗುಡುಗಿಗೆ ಡೋಲು ಹೊಡೆಯುವವನು.

“ಮೇಲಂತಸ್ತು ಮುಚ್ಚಿಸಿದ್ರೆ ಗುಡುಗು ಎಲ್ಲಿಂದ ಬರತ್ತೆ? ಹಬ್ಬದ ಆಟ ಸೋಲೋಣ ಅಂತೀಯಾ?”

“ಸೋಲೋಣ, ಲೈಲ್.”

ಕಾಫಿ ಸುರಿಯುತ್ತಿದ್ದವರ ಕೈ ನಿಂತಿತು. ಆ ಚರ್ಚಿನೊಳಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ.

“ಭಯ ಆದ್ರೆ ಆ ಕಡೆ ಹೋಗಿ ಗಾಜಿನ ರೂಮಲ್ಲಿ ಚೀಸ್ ತಿನ್ಕೊಂಡು ಕೂತ್ಕೋ. ಮೀಸೆ ಬೇರೆ ಬಿಟ್ಟಿದಾನೆ.”

ಮೇಡಂ ಲೋಟ ಕೆಳಗಿಟ್ಟರು. “ಲೈಲ್, ಮೂರನೇ ಕ್ಲಾಸಲ್ಲೂ ನೀನು ಹಿಂಗೇ. ಕುರ್ಚಿ ಹಿಂದಕ್ಕೆ ವಾಲಿಸ್ಬೇಡ ಅಂದ್ರೆ, ಏನೂ ಆಗಲ್ಲ ಮಿಸ್, ದಿನಾ ವಾಲಿಸ್ತೀನಿ ಅಂತಿದ್ದೆ. ಆಮೇಲೆ ಏನಾಯ್ತು, ಎಲ್ರಿಗೂ ಹೇಳು.”

ಲೈಲ್ ಗದ್ದದ ಕೆಳಗಿನ ಹಳೆಯ ಗುರುತನ್ನು ಮುಟ್ಟಿಕೊಂಡ. “ಆರು ಹೊಲಿಗೆ,” ಎಂದ. ಆಮೇಲೆ ಕೂತ. ಅವನೂ ಈಗ ನಮ್ಮ ಕಡೆಗಿದ್ದಾನೆ. ದಿನಾ ವಾಲಿಸಿದರೂ ಬೀಳದ ಕುರ್ಚಿ ಒಂದು ದಿನ ಬೀಳುತ್ತದೆ ಎಂದು ಲೈಲನಿಗೇ ಅರ್ಥವಾದ ಮೇಲೆ, ನಿಮಗೆ ಆಗದೇ?

ಮಗಳಿಗೆ ಶನಿವಾರ ಹೋಗಬೇಡ ಎಂದೆ.

“ಟ್ಯೂಬಾ ಇಲ್ದೆ ಎಂಥ ಬ್ಯಾಂಡು ಅಪ್ಪ?”

“ಜ್ವರ ಅಂತ ಹೇಳು.”

“ಪಕ್ಕದಲ್ಲಿ ಕೂರೋ ಹುಡುಗಿಗೆ? ಅವಳ ಹಿಂದಿನೋನಿಗೆ? ಎಲ್ರಿಗೂ ಜ್ವರಾನಾ?” ಆಮೇಲೆ ಹೇಳಿದಳು: “ಮೇಲೆ ಕುಟ್ಟೋರು ನೀವು. ನಮ್ಮನ್ಯಾಕೆ ಏಳಿ ಅಂತೀರಿ?”

ಅವಳ ತಲೆಯ ಮೇಲೆ ಕುಟ್ಟುವ ಸಾವಿರಾರು ಕಾಲುಗಳಲ್ಲಿ ಎರಡು ನನ್ನವು. ಅಂದಿನಿಂದ ಮನೆಯ ಮೆಟ್ಟಿಲನ್ನೂ ಮೆಲ್ಲಗೆ ಹತ್ತುತ್ತಿದ್ದೇನೆ.

ಆದ್ದರಿಂದ ಬೇಡಿಕೆ ಇಷ್ಟೇ. ಶನಿವಾರ ಆ ಮೇಲಂತಸ್ತನ್ನು ಮುಚ್ಚಿ. ಬ್ಯಾಂಡಿನ ಮಕ್ಕಳನ್ನು ಅದರ ಅಡಿಯಿಂದ ಎಬ್ಬಿಸಿ, ಬೇರೆಡೆ ಕೂರಿಸಿ. ಪರೀಕ್ಷೆ ಮಾಡಿದವರು ಏನೆಂದರು, ಕೇಳಿಸಿಕೊಂಡ ನಿಮ್ಮಲ್ಲಿ ಯಾರು ಸುಮ್ಮನಿರೋಣ ಎಂದರು, ಎರಡನ್ನೂ ಊರ ಮುಂದೆ ಹೇಳಿ. ಇಲ್ಲ, ಗ್ಯಾಲರಿ ಗಟ್ಟಿಯಿದೆ, ಈ ಮನುಷ್ಯ ಪುಕ್ಕಲ ಎನ್ನುವಿರಾದರೆ ಅದಕ್ಕೂ ದಾರಿಯಿದೆ. ನಿಮ್ಮ ಕೋಣೆಯ ಹೊಸ ನೆಲಹಾಸಿನ ಮೇಲೆ ಮಕ್ಕಳನ್ನು ಕೂರಿಸಿ, ಅವರ ಜಾಗಕ್ಕೆ ನೀವು ಬನ್ನಿ. ಟೋಪಿ ಹಾಕಿಕೊಂಡು ಬನ್ನಿ. ಕೆಂಪು ಹಿಮ ಯಾರಿಗೆ ಹೆಚ್ಚು ಬೀಳುತ್ತದೋ ಅವರಿಗೆ ಪಿಜ್ಜಾ ನಾನು ಕೊಡಿಸುತ್ತೇನೆ.

ಎರಡೂ ಆಗದಿದ್ದರೆ ಶನಿವಾರ ಮೇಲಂತಸ್ತಿನ ಮೆಟ್ಟಿಲುಗಳ ಬುಡದಲ್ಲಿ ಮೇಡಂ, ಲೈಲ್, ನಾನು, ಬಳಗದ ಇನ್ನು ಕೆಲವರು ನಿಂತಿರುತ್ತೇವೆ. ಹತ್ತುವವರನ್ನು ಒಬ್ಬೊಬ್ಬರನ್ನಾಗಿ, ದಯವಿಟ್ಟು ಹತ್ತಬೇಡಿ, ಹತ್ತಿದರೂ ಕುಟ್ಟಬೇಡಿ ಎಂದು ಬೇಡಿಕೊಳ್ಳುತ್ತೇವೆ. ಪರದೆಯ ಮೇಲೆ ನಿಮ್ಮ ಪಾದ ಕುಣಿಯತೊಡಗಿದಾಗ ಅವರು ಯಾರ ಮಾತು ಕೇಳುತ್ತಾರೋ ತಿಳಿಯದು. ಹೋದ ವರ್ಷದ ನಾನಾಗಿದ್ದರೆ ನಮ್ಮ ಮಾತು ಕೇಳುತ್ತಿರಲಿಲ್ಲ. ನಾವು ಹಿಡಿಯಬೇಕಾದ ಕಾಲುಗಳು ಸಾವಿರಾರು, ಮಾನ್ಯರೇ. ನೀವು ಹಾಕಬೇಕಾದ ಬೀಗಗಳು ನಾಲ್ಕು.

ಇಂತಿ,
ಜೀವನದಲ್ಲಿ ಮೊದಲ ಸಲ ಸ್ವಂತ ತಂಡದ ಸೋಲಿಗೆ ಹರಕೆ ಹೊತ್ತ,
ರಾಯ್ಸ್ ಹಾಲ್ವರ್‌ಸನ್
ಪೂರ್ವ ಗ್ಯಾಲರಿ, ಮೇಲಂತಸ್ತು (ಸದ್ಯಕ್ಕೆ ಮೆಟ್ಟಿಲ ಬುಡ)