ನಿನ್ನನ್ನು ಗೆರೆಯ ಮೇಲೆ ನಿಲ್ಲಿಸಿದವರು

ಯಾರನ್ನೂ ಸುಲಭಕ್ಕೆ ನಂಬದ ನನ್ನಪ್ಪನಿಗೆ, ನಿನ್ನಷ್ಟೇ ಅನುಮಾನದ ಮಗಳು ಬರೆಯುವುದು.

ಗಣಿಯ ಆಟೋಟದ ಆ ಬೆಳಿಗ್ಗೆ ನೆನಪಿದೆಯಾ? ಬಂಗಾರಪೇಟೆಯಿಂದ ರೈಲಿನಲ್ಲಿ ನನ್ನನ್ನೂ ಕೆಜಿಎಫ್‌ಗೆ ಕರೆದೊಯ್ದಿದ್ದೆ. ಹಿಂದಿನ ವರ್ಷ ಓಟ ಗೆದ್ದವನು ನೀನು. ಆ ಸಲ ಗಣಿಯ ದೊರೆ ನೆಲಕ್ಕೊಂದು ಗೆರೆ ಎಳೆಸಿ ನಿನ್ನೊಬ್ಬನನ್ನೇ ಅದರ ಮೇಲೆ ನಿಲ್ಲಿಸಿದ. ಉಳಿದವರೆಲ್ಲ ನಿನಗಿಂತ ಮುಂದೆ. ಅವರಲ್ಲಿ ಆರ್ಮುಗಂ ಮಾಮನೂ ಇದ್ದರು, ಸುರಂಗದಲ್ಲಿ ನಿನ್ನ ಜೊತೆ ಕಲ್ಲು ಕೊರೆಯುತ್ತಾ ನಿನ್ನ ಬುತ್ತಿಯ ಮುದ್ದೆಗೆ ಪಾಲುದಾರರಾಗಿದ್ದವರು. ಸ್ವಲ್ಪ ಮೊದಲು ಅವರು ದೊರೆಯ ಕಿವಿಯಲ್ಲಿ ಏನೋ ಹೇಳಿದ್ದನ್ನು ನೀನು ಕಂಡಿದ್ದೆ. ಅಷ್ಟೇ ಸಾಕಾಯಿತು. ಸೀಟಿ ಊದುವ ಮೊದಲೇ ನನ್ನ ಕೈ ಹಿಡಿದು ಮೈದಾನ ಬಿಟ್ಟೆ.

ವಾಪಸು ರೈಲಿನಲ್ಲಿ ನೀನು ಹೇಳಿದ್ದು ಇಷ್ಟೇ: "ಅವನೇ ಚಾಡಿ ಯೋಳವ್ನೆ ಕಣಮ್ಮಿ. ಇನ್ಮ್ಯಾಕೆ ಅವನ ಎಸ್ರು ಎತ್ತಬ್ಯಾಡ." ಯಾರೂ ಎತ್ತಲಿಲ್ಲ. ನೀನು ಪಾಳಿ ಬದಲಿಸಿಕೊಂಡೆ. ಅವರು ಮನೆಗೆ ಬಂದಾಗ ನೀನಿಲ್ಲವೆಂದು ಅಮ್ಮ ಹೇಳಿದಳು, ನೀನು ಒಳಗೆ ಬೀಡಿ ಸೇದುತ್ತಿದ್ದೆ. ನೀನು ಹೋದ ದಿನ ಅವರು ಮಣ್ಣು ಹಾಕಲು ಬಂದರೆ ಚಿಕ್ಕಪ್ಪ ಬಿಡಲಿಲ್ಲ. ನನಗೂ ಅದೇ ಸರಿ ಅನ್ನಿಸಿತು.

ಮೊನ್ನೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ 'ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್' ಅಂದರೆ ಏನೂ ಇಲ್ಲದಲ್ಲಿಂದ ಶುರುಮಾಡುವುದು ಎಂದರು. ಸ್ಕ್ರ್ಯಾಚ್ ಅಂದರೆ ನೆಲಕ್ಕೆ ಗೀಚಿದ ಗೆರೆಯಂತೆ. ಓಟದಲ್ಲಿ ನಿಧಾನದವರಿಗೆ ಒಂದಿಷ್ಟು ಮುಂದೆ ಜಾಗ ಕೊಟ್ಟು, ಎಲ್ಲರಿಗಿಂತ ಚುರುಕಾದವನನ್ನು ಗೆರೆಯ ಮೇಲೆ ನಿಲ್ಲಿಸುತ್ತಿದ್ದರಂತೆ. ನನಗೆ ನಂಬಿಕೆ ಬರಲಿಲ್ಲ. ಹಿಂದಕ್ಕೆ ತಳ್ಳುವುದು ಎಂಥ ಮರ್ಯಾದೆ? ಗೆಲ್ಲುವವನ ಗೆರೆ ಏನೂ ಇಲ್ಲದವನ ಗೆರೆ ಹೇಗಾಯಿತು ಎಂದು ಕೇಳಿದೆ. ಅವನಿಗೆ ಯಾವ ರಿಯಾಯಿತಿಯೂ ಇರಲಿಲ್ಲವಲ್ಲ, ಬರಬರುತ್ತಾ ಜನಕ್ಕೆ ಅದೊಂದೇ ನೆನಪುಳಿಯಿತು ಎಂದರು ಮೇಡಂ. ಆಗ ನಿನ್ನ ಆ ಗೆರೆ ನೆನಪಾಯಿತು.

ಭಾನುವಾರ ಕೆಜಿಎಫ್‌ನ ಗಣಿ ಕಾರ್ಮಿಕರ ಸಾಲಿನಲ್ಲಿರುವ ಆರ್ಮುಗಂ ಮಾಮನ ಲೈನ್ ಮನೆಗೆ ಹೋಗಿ, ಅಪ್ಪನನ್ನು ಹಿಂದೆ ನಿಲ್ಲಿಸಲು ಹೇಳಿದ್ದು ನೀವೇನಾ ಎಂದು ನೇರವಾಗಿ ಕೇಳಿಬಿಟ್ಟೆ.

"ನಾನೇ ಯೋಳ್ದೆ ಅಮ್ಮಾ. ದೊರೆ ಅವನ್ನೂ ನಮ್ ಜೊತೇಲೆ ಮುಂದೆ ನಿಲ್ಲಿಸಾಕೆ ಒಂಟಿದ್ದ. ಅವನಂಗೆ ಓಡೋನು ಇಲ್ಲಿ ಯಾರವ್ರೆ, ಗೆರೆ ಅವಂದೇ ಅಂದೆ. ಅವನಿಗೆ ಅದು ತಿಳಿದೈತೆ ಅಂದ್ಕಂಡಿದ್ದೆ."

ಆವತ್ತು ಇವರೂ ಓಡದೆ ಮನೆಗೆ ಬಂದುಬಿಟ್ಟರು ಎಂದು ಅವರ ಹೆಂಡತಿ ಒಲೆಯ ಮುಂದಿನಿಂದ ತಮಿಳಿನಲ್ಲಿ ಹೇಳಿದರು. ನೀನಿಲ್ಲವೆಂದು ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದಾರಾ? ವಾಪಸು ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಸುಳ್ಳು ಹೇಳುವವರಾಗಿದ್ದರೆ 'ನಾನಲ್ಲ' ಅನ್ನುತ್ತಿದ್ದರು. ಅವರು 'ನಾನೇ' ಅಂದರಲ್ಲ ಅಪ್ಪಾ. ಬಂಗಾರಪೇಟೆಯಲ್ಲಿ ಇಳಿದವಳಿಗೆ ಮನೆಯವರೆಗೂ ಅಳು ತಡೆಯಲಾಗಲಿಲ್ಲ.

ಈ ಸಲದ ಹಿರಿಯರ ಹಬ್ಬಕ್ಕೆ ಅವರನ್ನು ಕರೆದಿದ್ದೇನೆ. ಚಿಕ್ಕಪ್ಪ ಮುನಿಸಿಕೊಂಡಿದ್ದಾರೆ, ಇರಲಿ. ನಿನ್ನ ಎಡೆಗೆ ಧೂಪ ಹಾಕುವುದು ಆರ್ಮುಗಂ ಮಾಮನೇ. ನಿನ್ನ ಅನುಮಾನ ನಿಜ ಅಪ್ಪಾ, ನಿನ್ನನ್ನು ಎಲ್ಲರ ಹಿಂದೆ ನಿಲ್ಲಿಸಿದ್ದು ಅವರೇ. ಈ ಸಲ ಎದ್ದು ಹೋಗಬೇಡ, ಅವರ ಜೊತೆ ಕೂತು ಉಣ್ಣು.